ಕಾಡು ಸಿಪಿಲೆ ಇಂದಿಗೂ ಗುಡಿಸುತ್ತಿರುವುದೇಕೆ

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ ಅದು. ಬೆಟ್ಟಗಳನ್ನು ತಂದು ಇಟ್ಟಾಗಿತ್ತು, ಆದರೆ ಅವು ಇನ್ನೂ ಸರಿಯಾಗಿ ಕೂತಿರಲಿಲ್ಲ. ಹೊಳೆಗಳು ಯಾವ ಕಡೆ ಹರಿಯಬೇಕೆಂದು ತಿಳಿಯದೆ ದಾರಿಯಲ್ಲಿ ಸಿಕ್ಕಸಿಕ್ಕವರನ್ನು ಕೇಳಿಕೊಂಡು ಹೋಗುತ್ತಿದ್ದವು. ಗಾಳಿ ಮಾತಾಡುತ್ತಿತ್ತು, ಮರ ಮಾತಾಡುತ್ತಿತ್ತು, ಹಕ್ಕಿ ಮಾತಾಡುತ್ತಿತ್ತು. ಮನುಷ್ಯರೂ ಮಾತಾಡುತ್ತಿದ್ದರು. ಅವರಂತೂ ಇವತ್ತಿಗೂ ನಿಲ್ಲಿಸಿಲ್ಲ ಬಿಡಿ.

ಆಗ ಬಡಗು ದಿಕ್ಕಿನಲ್ಲಿ, ಈಗ ಹಿಮ ಹೊದ್ದಿರುವ ಬೆಟ್ಟಗಳ ಬುಡದಲ್ಲಿ, ಸಿಪಿಲೆ ಹಕ್ಕಿ ಜಾತಿಯ ಮೂವರು ಅಕ್ಕತಂಗಿಯರು ಇದ್ದರು. ದೊಡ್ಡಕ್ಕ ಬೂದು ಬಣ್ಣದವಳು. ನಡುವಿನವಳು ಹಳದಿ ಬಣ್ಣದವಳು. ಕಿರಿಯವಳದು ಒಣಗಿದ ಎಲೆಯ ಬಣ್ಣ, ಎದೆ ಮಾತ್ರ ಅಚ್ಚ ಬಿಳಿ. ಮೂವರಿಗೂ ಉದ್ದನೆಯ ಬಾಲ. ಆಗ ಆ ಬಾಲಗಳು ತಮ್ಮ ಪಾಡಿಗೆ ತಾವು ಸುಮ್ಮನೆ ಇರುತ್ತಿದ್ದವು.

ಸುಮ್ಮನಿರದಿದ್ದವಳು ಕಿರಿ ಸಿಪಿಲೆ. ಅಕ್ಕಂದಿರು ನೀರಿನ ದಡದಲ್ಲಿ ಹುಳ ಹೆಕ್ಕಿ, ತಿಂದು, ಬಿಸಿಲು ಕಾಯಿಸಿಕೊಳ್ಳುತ್ತಿದ್ದರು. ಇವಳಿಗೆ ಬಯಲು ಕಂಡರೆ ಆಗದು. ಮರದ ನೆರಳು ಬೇಕು, ಕೆಳಗೆ ಉದುರಿದ ಎಲೆ ಬೇಕು. ಎಲೆ ಮಗುಚಿ ಅದರಡಿಯ ಹುಳ ತಿಂದರೇ ಅವಳಿಗೆ ಊಟ ಆದ ಹಾಗೆ. ಒಂದು ಎಲೆ ಮಗುಚುವಾಗಲೇ ಮುಂದಿನ ಎಲೆಯಡಿ ಏನಿದೆಯೋ ಎಂಬ ಚಡಪಡಿಕೆ.

ಹೀಗಿರುವಾಗ ಲೋಕಕ್ಕೆ ಮೊದಲ ಚಳಿಗಾಲ ಬಂತು. ಅದಕ್ಕೆ ಮುಂಚೆ ಚಳಿ ಎಂದರೆ ಏನೆಂದು ಯಾರಿಗೂ ಗೊತ್ತಿರಲಿಲ್ಲ. ಬೆಳಗ್ಗೆ ಎದ್ದು ನೋಡಿದರೆ ನೀರು ಕಲ್ಲಾಗಿತ್ತು, ಹುಳುಗಳು ಮಣ್ಣಿನೊಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದವು.

"ಇಲ್ಲಿದ್ದರೆ ಸಾಯ್ತೀರ. ನಡೀರಿ, ನಾನು ದಾರಿ ತೋರಿಸ್ತೀನಿ" ಎಂದಿತು ಬಡಗಾಳಿ.

ಮೂವರೂ ಗಾಳಿಯ ಬೆನ್ನು ಹತ್ತಿದರು. ಹಗಲು ಹಾರಿದರು, ಇರುಳು ಹಾರಿದರು. ಹೊಳೆ ದಾಟಿದರು, ಬಯಲು ದಾಟಿದರು, ಮತ್ತೆ ಹೊಳೆ ದಾಟಿದರು. ಕೊನೆಗೆ ಎತ್ತರದ ಒಂದು ನೆಲ ಬಂತು. ಅಲ್ಲಿ ಸುರಿದ ಮಳೆ ಅರ್ಧ ಮೂಡಲಿಗೆ ಹರಿದರೆ ಅರ್ಧ ಪಡುವಲಿಗೆ ಹರಿಯುತ್ತಿತ್ತು. ಸೆಕೆಯೂ ಇಲ್ಲ, ನಡುಗುವ ಚಳಿಯೂ ಇಲ್ಲ. ತಗ್ಗು ಕಂಡಲ್ಲೆಲ್ಲ ಜನ ಕೆರೆ ಕಟ್ಟಿದ್ದರು. ಕೆರೆಗಳ ನಡುವೆ ಊರು ಬೆಳೆಯುತ್ತಿತ್ತು. ನಿನ್ನೆ ಹತ್ತು ಮನೆ ಇದ್ದರೆ ಇವತ್ತು ಮೂವತ್ತು, ನಾಳೆಗೆ ನೂರು. ಅಷ್ಟು ದೊಡ್ಡ ಊರನ್ನು ಲೋಕ ಅದುವರೆಗೆ ಕಂಡಿರಲಿಲ್ಲ.

ಬಡಗಾಳಿ ಅವರನ್ನು ಕೆರೆ ಏರಿಯ ಮೇಲೆ ಇಳಿಸಿ ಹೇಳಿತು: "ಹೊಂಗೆ ಮರ ಚಿಗುರುವ ಹೊತ್ತಿಗೆ ನನ್ನ ತಮ್ಮ ತೆಂಕಣ ಗಾಳಿ ಬಂದು ನಿಮ್ಮನ್ನು ಮನೆಗೆ ಕರ್ಕೊಂಡು ಹೋಗ್ತಾನೆ. ಅಷ್ಟರೊಳಗೆ ಚೆನ್ನಾಗಿ ತಿಂದು ಮೈ ತುಂಬಿಕೊಂಡಿರಬೇಕು. ಬಡಕಲು ಹಕ್ಕಿಯನ್ನು ಅವನು ಹೊರೋದಿಲ್ಲ. ನಡುದಾರಿಯಲ್ಲಿ ಬಿದ್ದು ಸತ್ತರೆ ಆ ಪಾಪ ತನಗೆ ಬರುತ್ತೆ ಅಂತಾನೆ."

"ತಿನ್ನೋದು ತಾನೆ, ಅದೇನು ಮಹಾ" ಎಂದರು ಅಕ್ಕಂದಿರು. ಕಿರಿಯವಳು ಮಾತ್ರ ಸುತ್ತ ಹುಡುಕಿ ನೋಡುತ್ತಿದ್ದಳು. ಕಣ್ಣು ಹಾಯಿಸಿದಷ್ಟು ದೂರವೂ ಎಲೆ ಬಿದ್ದ ಒಂದು ಮೂಲೆ ಅವಳಿಗೆ ಕಂಡಿರಲಿಲ್ಲ.

ಆ ಊರಿಗೊಬ್ಬ ಹಿರಿಯ ಇದ್ದ, ಸೊಣ್ಣೇಗೌಡ ಅಂತ. ಒಳ್ಳೆಯವನೇ. ಆದರೆ ಕೆಲಸದ ಹುಚ್ಚು. ಊರಿಗೆ ಯಾರೇ ಬರಲಿ, ಏರಿಯ ಕಲ್ಲಿನ ಮೇಲೆ ಕೂತು ಒಂದೇ ಪ್ರಶ್ನೆ ಕೇಳುತ್ತಿದ್ದ: "ಏನು ಕೆಲಸ ಮಾಡ್ತೀಯ?" ಹೆಸರು ಕೇಳುತ್ತಿರಲಿಲ್ಲ, ಊಟ ಆಯಿತಾ ಅಂತಲೂ ಕೇಳುತ್ತಿರಲಿಲ್ಲ. ಕೆಲಸ ಇಲ್ಲದವರಿಗೆ ಆ ಊರಲ್ಲಿ ಜಾಗ ಇರಲಿಲ್ಲ.

ಕಾಗೆ ಬಂದು "ಎಂಜಲು ಎತ್ತುತ್ತೀನಿ" ಎಂದು ಜಾಗ ಪಡೆದಿತ್ತು. ಗೂಬೆ "ರಾತ್ರಿ ಕಾವಲು ನನ್ನದು" ಎಂದು ಪಡೆದಿತ್ತು. ಹೊನ್ನಕ್ಕಿ ಬಂದು "ಹಾಡ್ತೀನಿ" ಎಂದಾಗ ಗೌಡ "ಅದೆಂಥ ಕೆಲಸ?" ಎಂದುಬಿಟ್ಟ. ಹೊನ್ನಕ್ಕಿಗೆ ಅವಮಾನವಾಗಿ, ಮರದ ತುದಿಯ ಎಲೆಗಳೊಳಗೆ ಹೋಗಿ ಬಚ್ಚಿಟ್ಟುಕೊಂಡಿತು.

ಸಿಪಿಲೆ ಅಕ್ಕತಂಗಿಯರ ಸರದಿ ಬಂತು.

"ಏನು ಕೆಲಸ ಮಾಡ್ತೀರ?"

ದೊಡ್ಡಕ್ಕ ಜಾಣೆ. ಕೆರೆಯ ತೂಬಿನ ಹತ್ತಿರ ಬಟ್ಟೆ ಒಗೆಯುವವರು ಕಲ್ಲಿನ ಮೇಲೆ ಬಟ್ಟೆ ಎತ್ತಿ ಎತ್ತಿ ಕುಕ್ಕುತ್ತಿದ್ದುದನ್ನು ಬರುವಾಗಲೇ ನೋಡಿಕೊಂಡಿದ್ದಳು. ತಟ್ಟನೆ ಒಂದು ಕಲ್ಲಿನ ಮೇಲೆ ನಿಂತು ಬಾಲವನ್ನು ಎತ್ತಿ ಕುಕ್ಕಿದಳು, ಎತ್ತಿ ಕುಕ್ಕಿದಳು. "ಒಗೆಯೋರ ಜೊತೆ ಒಗೀತೀನಿ ಗೌಡ್ರೇ" ಎಂದಳು. ನಡುವಿನವಳು ಅವಳನ್ನು ನೋಡಿ ತಾನೂ ಬಾಲ ಎತ್ತಿ ಕುಕ್ಕಿದಳು.

"ಸೈ, ಕೆರೆ ದಡ ನಿಮ್ಮದು. ಕೈ ನಿಲ್ಲಬಾರದು ಅಷ್ಟೇ" ಎಂದ ಗೌಡ. ಹಕ್ಕಿಗೆ ಎಲ್ಲಿಯ ಕೈ? ಬಾಲ ಅಂದುಕೊಂಡು ಅವರು ಒಪ್ಪಿದರು.

ಆಮೇಲೆ ಗೌಡ ಕಿರಿಯವಳ ಕಡೆ ತಿರುಗಿದ. "ನೀನು?"

ಕಿರಿ ಸಿಪಿಲೆಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. "ನಾನು... ನನಗೆ ಒಂದಿಷ್ಟು ಒಣ ಎಲೆ ಇರೋ ಜಾಗ ಸಿಕ್ಕಿದ್ರೆ..."

ಸೊಣ್ಣೇಗೌಡ ಎದೆ ಉಬ್ಬಿಸಿಕೊಂಡ. "ಒಣ ಎಲೆಯಾ? ನಮ್ಮೂರಲ್ಲಾ? ತಾಯಿ, ಈ ಊರೆಲ್ಲ ಹುಡುಕು, ಒಂದೇ ಒಂದು ಎಲೆ ನೆಲದ ಮೇಲೆ ಸಿಕ್ಕಿದ್ರೆ ನನ್ನ ಕರಿ. ಮೂರು ದಿನ ಗಡುವು ಕೊಡ್ತೀನಿ, ಒಂದು ಕೆಲಸ ನೋಡ್ಕೊ. ಇಲ್ಲಾಂದ್ರೆ ಜಾಗ ಖಾಲಿ ಮಾಡು."

ಕಿರಿ ಸಿಪಿಲೆ ಹುಡುಕಲು ಹೊರಟಳು. ಮನೆಗಳ ಮುಂದೆ ನೋಡಿದಳು, ಇಲ್ಲ. ಬಾವಿಗಳ ಸುತ್ತ ನೋಡಿದಳು, ಇಲ್ಲ. ಕೆರೆಗಳ ಹಿಂದೆ ನೋಡಿದಳು, ಇಲ್ಲ. ಅಂಗಳ ಅಂಗಳವೂ ಗುಡಿಸಿ, ಸಗಣಿ ನೀರು ಚಿಮುಕಿಸಿ, ರಂಗೋಲಿ ಎಳೆದು ಥಳಥಳ ಅನ್ನುತ್ತಿತ್ತು. ಕೂರಲು ಹೋದರೆ "ರಂಗೋಲಿ ತುಳೀಬೇಡ, ಉಷ್!" ಎಂದು ಓಡಿಸುತ್ತಿದ್ದರು. ಒಂದು ಕಡೆ ಐದು ಎಣಿಸುವಷ್ಟು ಹೊತ್ತು ಕೂತರೆ ಹೆಚ್ಚು. ಒಂದು ದಿನ ಅಕ್ಕಂದಿರ ಜೊತೆ ಕೆರೆ ದಡದಲ್ಲೂ ಪ್ರಯತ್ನಪಟ್ಟಳು. ಕಣ್ಣು ಕುಕ್ಕುವ ಬಿಸಿಲು, ತಲೆಯ ಮೇಲೆ ಸುತ್ತುವ ಹದ್ದು, ಕಾಲು ಹೂತುಹೋಗುವ ಕೆಸರು. ಒಂದು ಹುಳ ಬಾಯಿಗೆ ಹೋದರೆ ಹತ್ತು ಸಲ ಆಕಾಶ ನೋಡಬೇಕು. ಸಂಜೆಗೆ ಅವಳ ಹೊಟ್ಟೆ ಬೆಳಗ್ಗೆಗಿಂತ ಖಾಲಿ.

"ಹೊಂದ್ಕೊಳ್ಳೇ, ಎಲ್ಲರೂ ಹೊಂದ್ಕೊಂಡಿಲ್ವಾ?" ಎಂದಳು ದೊಡ್ಡಕ್ಕ, ಬಾಲ ಕುಕ್ಕುತ್ತಲೇ.

"ಆಗ್ತಿಲ್ಲ ಅಕ್ಕಾ" ಎಂದಳು ಕಿರಿಯವಳು. ಅವಳಿಗೆ ಅಳು ಬಂತು. ಹೊಂದಿಕೊಳ್ಳಲಾರದವರ ಕಷ್ಟ ಹೊಂದಿಕೊಂಡವರಿಗೆ ತಿಳಿಯುವುದು ಆಗಲೂ ಕಷ್ಟವೇ ಇತ್ತು.

ಮೂರನೆಯ ದಿನ ಬೆಳಗ್ಗೆ ಅವಳು ಊರಾಚೆಯ ಗುಂಡುತೋಪಿಗೆ ಬಂದಳು. ಗುಂಡುತೋಪು ಅಂದರೆ ಊರಿಗೆಲ್ಲ ಸೇರಿದ ನೆರಳಿನ ತೋಪು. ದನ ಮಲಗಲು, ದಾರಿಹೋಕರು ದಣಿವಾರಿಸಿಕೊಳ್ಳಲು ಊರವರೇ ನೆಟ್ಟಿದ್ದ ಹೊಂಗೆ, ಹಿಪ್ಪೆ, ನೇರಳೆ ಮರಗಳು. ನೆರಳು ಕಂಡ ಕೂಡಲೇ ಕಿರಿ ಸಿಪಿಲೆಯ ಜೀವ ತಂಪಾಯಿತು. ಕೆಳಗೆ ನೋಡಿದಳು. ನೆಲ ತೊಳೆದಿಟ್ಟ ತಟ್ಟೆಯ ಹಾಗಿತ್ತು. ಒಂದು ಎಲೆ ಇಲ್ಲ. ಒಂದು ಕಡ್ಡಿ ಇಲ್ಲ.

ಮೇಲಿನಿಂದ ಒಂದು ಎಲೆ ಉದುರಿತು. ಕಿರಿ ಸಿಪಿಲೆ ಹಾರಿ ಹೋಗುವಷ್ಟರಲ್ಲಿ, ಪರಕ್ ಎಂದು ಪೊರಕೆಯೊಂದು ಬಂದು ಅದನ್ನು ಎಳೆದುಕೊಂಡು ಹೋಯಿತು.

ಆ ಪೊರಕೆ ಹಿಡಿದಿದ್ದವಳು ಪಿಳ್ಳಕ್ಕ. ಈಚಲು ಗರಿ ಸೀಳಿ ತಾನೇ ಕಟ್ಟಿಕೊಂಡ ಪೊರಕೆ ಅದು. ಲೋಕದಲ್ಲಿ ಮೊದಲು ಪೊರಕೆ ಕಟ್ಟಿದವಳು ಅವಳೇ. ಸೂರ್ಯ ಹುಟ್ಟುವ ಮುಂಚೆ ಊರು ಗುಡಿಸಿ, ಹುಟ್ಟಿದ ಮೇಲೆ ತೋಪು ಗುಡಿಸಿ, ಗುಡಿಸಿದ್ದನ್ನು ಗುಡ್ಡೆ ಹಾಕಿ ಸುಡುವುದು ಅವಳ ಪಾಲಿನ ಕೆಲಸ. ಸೊಂಟ ಹಿಡಿದುಕೊಂಡು ನೆಟ್ಟಗಾಗಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಗುತ್ತಿತ್ತು.

"ಆ ಎಲೆ ನನಗೆ ಕೊಡ್ತೀಯಾ ಪಿಳ್ಳಕ್ಕ?" ಎಂದಳು ಕಿರಿ ಸಿಪಿಲೆ.

"ಅಯ್ಯೋ ಕೂಸೇ, ಕಸ ಕಣವ್ವ ಅದು. ಕಸ ಯಾರಾದ್ರೂ ಕೇಳ್ತಾರಾ?"

"ನನಗದು ಊಟ." ಕಿರಿ ಸಿಪಿಲೆ ತಡೆಯಲಾರದೆ ಎಲ್ಲ ಹೇಳಿಬಿಟ್ಟಳು. ಹಿಮ, ಗಾಳಿ, ಹೊಂಗೆ ಚಿಗುರುವ ಗಡುವು, ಗೌಡನ ಮೂರು ದಿನ, ಎಲ್ಲವನ್ನೂ. ಹೇಳುವಾಗ ಒಂದು ಕೊಂಬೆಯಲ್ಲಿ ಕೂತು ಹೇಳಲಿಲ್ಲ. ಈ ಕೊಂಬೆಯಲ್ಲಿ ಅರ್ಧ, ಆ ಕೊಂಬೆಯಲ್ಲಿ ಅರ್ಧ.

ಪಿಳ್ಳಕ್ಕ ಕೇಳಿಸಿಕೊಂಡಳು. ಅವಳ ಮುಖ ಸಪ್ಪಗಾಯಿತು. "ನಿಂಗೆ ಎಲೆ ಬಿಟ್ರೆ ಗೌಡ್ರು ನನ್ನ ಊರು ಬಿಡಿಸ್ತಾರೆ. ಗುಡಿಸದೆ ಬಿಟ್ಟವಳು ಅಂತ ಹೆಸರು ಬೇರೆ. ಇಷ್ಟು ವರ್ಷ ಒಂದು ಎಲೆ ಬಿಟ್ಟವಳಲ್ಲ ನಾನು."

"ಹಾಗಾದ್ರೆ ನಾನೇ ಗುಡಿಸ್ತೀನಿ. ಕೊನೆಯ ಆ ಹೊಂಗೆ ಮರದ ಕೆಳಗೆ ನನ್ನ ಪಾಲು. ನಿನಗೂ ಒಂದು ಮರದ ಕೆಲಸ ಕಮ್ಮಿ ಆಗುತ್ತೆ."

ಪಿಳ್ಳಕ್ಕನಿಗೆ ನಗು ತಡೆಯಲಾಗಲಿಲ್ಲ. "ಯಾತರಲ್ಲಿ ಗುಡಿಸ್ತೀಯೇ, ಬೆರಳುದ್ದ ಇಲ್ಲ ನೀನು?"

"ಬಾಲ ಇದೆಯಲ್ಲ."

ಕಿರಿ ಸಿಪಿಲೆ ನೆಲಕ್ಕಿಳಿದು ಬಾಲವನ್ನು ಎಡಕ್ಕೆ ಎಳೆದಳು, ಬಲಕ್ಕೆ ಎಳೆದಳು. ಎಡಕ್ಕೆ, ಬಲಕ್ಕೆ. ಅಕ್ಕಂದಿರ ಹಾಗೆ ಎತ್ತಿ ಕುಕ್ಕಲಿಲ್ಲ, ಪಿಳ್ಳಕ್ಕನ ಪೊರಕೆ ಹೋಗುವ ಹಾಗೆಯೇ ಅಡ್ಡಡ್ಡ. ಪಿಳ್ಳಕ್ಕ ನಗುವುದನ್ನು ನಿಲ್ಲಿಸಿ ನೋಡಿದಳು. ಯಾರಾದರೂ ದೂರದಿಂದ ಕಂಡರೆ ಗುಡಿಸುತ್ತಿದ್ದಾಳೆಂದೇ ಅನ್ನಬೇಕು, ಹಾಗಿತ್ತು.

ಅವಳು ಆಚೆ ಈಚೆ ನೋಡಿ ದನಿ ತಗ್ಗಿಸಿದಳು. "ನೋಡವ್ವ. ಆ ಮರ ನಿಂದು. ತಿನ್ನು, ಮಗುಚು, ಏನಾದ್ರೂ ಮಾಡ್ಕೊ. ಆದ್ರೆ ಮನುಷ್ಯರ ಕಣ್ಣು ನಿನ್ನ ಮೇಲೆ ಬಿದ್ದಾಗ ಬಾಲ ನಿಲ್ಲಬಾರದು. ಇನ್ನೊಂದು ಮಾತು. ಯಾರೂ ನಿನ್ನ ಜಾಸ್ತಿ ಹೊತ್ತು ನೋಡಬಾರದು. ಜಾಸ್ತಿ ಹೊತ್ತು ನೋಡಿದ್ರೆ ಒಂದು ಎಲೆನೂ ಕದಲ್ತಿಲ್ಲ ಅಂತ ಗೊತ್ತಾಗೋಗ್ತದೆ."

ಹೀಗೆ ಕಿರಿ ಸಿಪಿಲೆಗೆ ಕೆಲಸ ಸಿಕ್ಕಿತು. ಗೌಡ ಬಂದು "ಏನು ಕೆಲಸ?" ಎಂದಾಗ "ಗುಡಿಸ್ತಾ ಇದೀನಿ ಗೌಡ್ರೇ" ಎಂದಳು. ಬಾಲ ಎಡಕ್ಕೆ ಬಲಕ್ಕೆ ಆಡುತ್ತಿತ್ತು. ಸೊಣ್ಣೇಗೌಡ ತಲೆದೂಗಿ ಮುಂದೆ ಹೋದ.

ಹೊಂಗೆ ಮರ ದಿನಾ ಒಂದಿಷ್ಟು ಎಲೆ ಉದುರಿಸಿತು. ಗುಡಿಸುವವರಿಲ್ಲದೆ ಅವು ಒಂದರ ಮೇಲೊಂದು ಬಿದ್ದವು. ಇಬ್ಬನಿಗೆ ನೆನೆದವು, ಕೊಳೆತವು. ಎಲ್ಲಿದ್ದವೋ ಏನೋ, ಹುಳಗಳು ಬಂದವು, ಗೆದ್ದಲು ಬಂತು, ಪುಟ್ಟ ಜೇಡಗಳು ಬಂದವು. ಕಿರಿ ಸಿಪಿಲೆ ಎಲೆ ಮಗುಚಿದಳು, ತಿಂದಳು. ಮಗುಚಿದಳು, ತಿಂದಳು. ದಿನದಿಂದ ದಿನಕ್ಕೆ ಮೈ ತುಂಬತೊಡಗಿತು.

ಆದರೆ ನೆಮ್ಮದಿ? ಅದೊಂದು ಇರಲಿಲ್ಲ. ತಿನ್ನುವಾಗ ಒಂದು ಕಣ್ಣು ಹುಳದ ಮೇಲೆ, ಒಂದು ಕಣ್ಣು ದಾರಿಯ ಮೇಲೆ. ಹೆಜ್ಜೆ ಸಪ್ಪಳವಾದರೆ ಬಾಲ ಎಡಕ್ಕೆ ಬಲಕ್ಕೆ. ನೀರಿಗೆ ಹೋಗುವವರು ಒಂದು ಗಳಿಗೆ ನಿಂತರೆ ಮರದ ಆಚೆ ಬದಿಗೆ. ಆಚೆ ಬದಿಯಲ್ಲಿ ದನ ಕಾಯುವವರು ತಿರುಗಿ ನೋಡಿದರೆ ಪೊದೆಯ ಹಿಂದಕ್ಕೆ. ನಿದ್ದೆಯಲ್ಲೂ ಬಾಲ ಆಡುತ್ತಿತ್ತು. ಕನಸಿನಲ್ಲೂ ಸೊಣ್ಣೇಗೌಡ ಬಂದು "ಏನು ಕೆಲಸ?" ಎನ್ನುತ್ತಿದ್ದ.

ಮಾಗಿ ಬಂತು. ಒಂದು ದಿನ ತೆಂಕಣ ಗಾಳಿ ಸುಮ್ಮನೆ ದಾರಿ ನೋಡಿಕೊಂಡು ಹೋಗಲು ಬಂದಿತು. ಅಕ್ಕಂದಿರಿಬ್ಬರನ್ನೂ ಎತ್ತಿ ನೋಡಿ "ಸರಿ ಇದೀರ" ಎಂದಿತು. ಕಿರಿಯವಳನ್ನು ಎತ್ತಿ ನೋಡಿ "ಇನ್ನೂ ಹಗುರ. ಇನ್ನೊಂದು ಹದಿನೈದು ದಿನ ತಿನ್ನು. ಅಷ್ಟರ ಮೇಲೆ ನಾನು ಕಾಯೋದಿಲ್ಲ" ಎಂದು ಹೋಯಿತು.

ಹದಿನೈದು ದಿನ. ಕಿರಿ ಸಿಪಿಲೆ ಒಂದೊಂದು ದಿನವನ್ನೂ ಎಣಿಸಿಕೊಂಡು ತಿಂದಳು. ಹತ್ತು ದಿನ ಕಳೆಯಿತು.

ಹನ್ನೊಂದನೆಯ ದಿನ ಬೆಳಗ್ಗೆ ಆ ಊರಿಗೇ ಹೊಸದಾದ, ಹಲ್ಲು ಕಟಕಟಿಸುವ ಚಳಿ. ಸೊಣ್ಣೇಗೌಡ ಕಂಬಳಿ ಹೊದ್ದು ತೋಪಿಗೆ ಬಂದ. ಜೊತೆಗೆ ನಾಲ್ಕಾರು ಜನ. ಎಲ್ಲರೂ ಕೈ ಉಜ್ಜಿಕೊಳ್ಳುತ್ತಿದ್ದರು. ಚಳಿಗೆ ಅವನ ಕಾಲು ಮುಂದೆ ಬರಲಿಲ್ಲ, ಕೊನೆಯ ಹೊಂಗೆ ಮರದ ಎದುರೇ ನಿಂತುಬಿಟ್ಟ. ನಿಂತವನು ಕಿರಿ ಸಿಪಿಲೆಯನ್ನು ನೋಡಿದ. ನೋಡಿದ. ನೋಡುತ್ತಲೇ ಇದ್ದ.

ಕಿರಿ ಸಿಪಿಲೆ ಬಾಲ ಎಳೆದಳು, ಎಡಕ್ಕೆ, ಬಲಕ್ಕೆ. ಮರದ ಆಚೆ ಹೋದಳು. ಅಲ್ಲೂ ಜನ. ಈಚೆ ಬಂದಳು. ಗೌಡ ಇನ್ನೂ ನೋಡುತ್ತಿದ್ದ.

"ಏನಮ್ಮಾ, ಮೂರು ತಿಂಗಳಿಂದ ಗುಡಿಸ್ತಾ ಇದೀಯಲ್ಲ ನೀನು?"

"ಗುಡಿಸ್ತಾ ಇದೀನಿ ಗೌಡ್ರೇ."

"ಮತ್ತೆ ಮೊಣಕಾಲು ಉದ್ದ ಎಲೆ ಬಿದ್ದದಲ್ಲ?"

ಕಿರಿ ಸಿಪಿಲೆಯ ಬಾಲ ಮಾತ್ರ ಎಡಕ್ಕೆ ಬಲಕ್ಕೆ ಹೋಗುತ್ತಿತ್ತು. ಜನ ಗೊಳ್ಳೆಂದು ನಕ್ಕರು. ನಕ್ಕಿದ್ದು ಹಕ್ಕಿಯನ್ನು ನೋಡಿ, ಆದರೆ ಗೌಡನಿಗೆ ತನ್ನನ್ನೇ ನೋಡಿ ನಕ್ಕ ಹಾಗಾಯಿತು. ಮೂರು ತಿಂಗಳು ದಿನಾ ತಲೆದೂಗಿ ಹೋದವನು ಅವನೇ ಅಲ್ಲವೇ? ಅವನ ಮುಖ ಕೆಂಪಗಾಯಿತು.

"ಹಾಕ್ರೋ ಬೆಂಕಿ! ಕಸನೂ ಹೋಗ್ತದೆ, ಚಳಿನೂ ಕಾಯಿಸ್ಕೊಂಡಂಗಾಯ್ತದೆ."

ಯಾರೋ ಮನೆಯ ಒಲೆಯಿಂದ ಕೊಳ್ಳಿ ತಂದು ಎಲೆಗೆ ಹಿಡಿದರು. ಮೇಲಿನ ಒಣ ಎಲೆ ಚಟಚಟ ಎಂದು ಹತ್ತಿಕೊಂಡಿತು. ಹೊಗೆ ಎದ್ದಿತು. ಜನ ಕೈ ಚಾಚಿ ಚಳಿ ಕಾಯಿಸತೊಡಗಿದರು, "ಆಹಾ" ಎಂದರು.

ಕಿರಿ ಸಿಪಿಲೆ ಹಾರಿಹೋಗಬಹುದಿತ್ತು. ಎಲ್ಲ ಹಕ್ಕಿಗಳೂ ಬೆಂಕಿ ಕಂಡರೆ ಹಾರುತ್ತವೆ. ಆದರೆ ಎಲ್ಲಿಗೆ ಹಾರುವುದು? ಇನ್ನು ಐದು ದಿನದ ಊಟ ಅಲ್ಲಿ ಉರಿಯುತ್ತಿತ್ತು. ಆ ಐದು ದಿನ ಇಲ್ಲದಿದ್ದರೆ ಗಾಳಿ ಅವಳನ್ನು ಹೊರದು. ಗಾಳಿ ಹೊರದಿದ್ದರೆ ಮನೆಯಿಲ್ಲ, ಗೂಡಿಲ್ಲ, ಮುಂದೆ ಮರಿಗಳಿಲ್ಲ. ಅವಳಿಗೆ ಹೆದರಿಕೆಗಿಂತ ಸಿಟ್ಟೇ ಹೆಚ್ಚಾಯಿತು. ನೇರ ಬೆಂಕಿಯ ಎದುರಿಗೆ ಇಳಿದು, ಬಾಲದಿಂದ ಉರಿಯುವ ಎಲೆಗಳನ್ನು ಆಚೆ ತಳ್ಳಹತ್ತಿದಳು. ಎಡಕ್ಕೆ, ಬಲಕ್ಕೆ. ಈಗ ನಿಜವಾಗಿ ಗುಡಿಸಿದಳು.

ಅವಳು ಇರುವುದೇ ಇಷ್ಟು, ಬೆಂಕಿ ಅಷ್ಟು ದೊಡ್ಡದು. ಉರಿಯುವ ಎರಡು ಕಡ್ಡಿ ಸಿಡಿದು ಬಂದು ಅವಳ ಬಿಳಿ ಎದೆಗೆ ಅಡ್ಡಲಾಗಿ ತಗುಲಿದವು, ಒಂದರ ಕೆಳಗೊಂದು. ಕಿರಿ ಸಿಪಿಲೆ ಚೀರಿದಳು.

ಆ ಚೀರು ತೋಪಿನ ಇನ್ನೊಂದು ತುದಿಯಲ್ಲಿದ್ದ ಪಿಳ್ಳಕ್ಕನಿಗೆ ಕೇಳಿಸಿತು. ಅವಳ ಕೈಯಲ್ಲಿ ಅಂಗಳಗಳಿಗೆ ಚಿಮುಕಿಸಲು ಕಲಸಿಟ್ಟಿದ್ದ ಸಗಣಿ ನೀರಿನ ಮಡಕೆ ಇತ್ತು. ಸೊಂಟನೋವು ಮರೆತು ಓಡಿ ಬಂದಳು. ಗೌಡ ಇದ್ದಾನೆ, ಜನ ಇದ್ದಾರೆ ಎಂದು ನೋಡಲಿಲ್ಲ. ಮಡಕೆ ಎತ್ತಿ ಬೆಂಕಿಯ ಮೇಲೆ ದಬದಬ ಸುರಿದಳು. ಬೆಂಕಿ ಚುಯ್ ಎಂದು ಆರಿತು. ಅರ್ಧ ಸಗಣಿ ನೀರು ಬೆಂಕಿಗೆ ಬಿದ್ದರೆ ಇನ್ನರ್ಧ ಗೌಡನ ಕಂಬಳಿಗೆ ಬಿತ್ತು.

ಜನ ಎರಡು ಹೆಜ್ಜೆ ಹಿಂದೆ ಸರಿದರು.

"ಏನಮ್ಮಾ ಪಿಳ್ಳಕ್ಕ ಇದು?" ಎಂದ ಗೌಡ. ಅವನ ಮೀಸೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ತಪ್ಪು ನಂದು ಗೌಡ್ರೇ. ಈ ಮರದ ಕೆಳಗೆ ಗುಡಿಸದೆ ನಾನೇ ಬಿಟ್ಟಿದ್ದು. ಈ ಕೂಸು ಸುಳ್ಳು ಗುಡಿಸೋದನ್ನ ಕಲಿತಿದ್ದೂ ನನ್ನ ಮಾತಿಗೇ. ಊರು ಬಿಡು ಅನ್ನಿ, ಬಿಡ್ತೀನಿ. ಇದನ್ನ ಸುಡಬೇಡಿ." ಪಿಳ್ಳಕ್ಕ ಕಿರಿ ಸಿಪಿಲೆಯನ್ನು ಎತ್ತಿ ಸೆರಗಿನಲ್ಲಿ ಹಿಡಿದುಕೊಂಡಿದ್ದಳು.

ಆಗ ಮಾತಾಡಿದ್ದು ಹೊಂಗೆ ಮರ. ಮರಗಳು ಮಾತಾಡುವ ಕಾಲವಾದರೂ ಅವು ಸುಮ್ಮಸುಮ್ಮನೆ ಬಾಯಿ ಹಾಕುತ್ತಿರಲಿಲ್ಲ.

"ಗೌಡಾ, ಒಂದ್ಸಲ ತಲೆ ಎತ್ತಿ ನೋಡು."

ಗೌಡ ತಲೆ ಎತ್ತಿದ. ತೋಪಿನ ಮರಗಳೆಲ್ಲ ಬರಲು ಬರಲಾಗಿ ನಿಂತಿದ್ದವು, ಕೆಲವು ತುದಿಯಿಂದ ಒಣಗುತ್ತಲೂ ಇದ್ದವು. ಈ ಒಂದು ಮರದ ಕೊಂಬೆಕೊಂಬೆಯಲ್ಲೂ ಎಳೆಯ ಹಸಿರು ಮೊಗ್ಗು ಮೂಡಿತ್ತು.

"ನಾನು ಉದುರಿಸಿದ್ದು ನನ್ನ ಊಟ. ಕೊಳೆತು ನನ್ನ ಬೇರಿಗೇ ಇಳೀಬೇಕಾದ್ದು. ಅದನ್ನ ನೀನು ವರ್ಷಾ ವರ್ಷಾ ಸುಟ್ಟು ಬೂದಿ ಮಾಡಿಸ್ದೆ. ಈ ವರ್ಷ ಮೊದಲ ಸಲ ನನಗೆ ಹೊಟ್ಟೆ ತುಂಬಿದೆ. ಈ ಪುಟ್ಟ ಹಕ್ಕಿಯಿಂದ."

ಸೊಣ್ಣೇಗೌಡ ಬಗ್ಗಿ ಅರೆಸುಟ್ಟ ಎಲೆಗಳನ್ನು ಕೈಯಲ್ಲಿ ಸರಿಸಿದ. ಕೆಳಗಿನ ಮಣ್ಣು ಕಪ್ಪಗೆ, ಮೆತ್ತಗೆ, ಒದ್ದೆಯಾಗಿತ್ತು. ಬೆರಳು ಬುಡದವರೆಗೂ ಇಳಿಯಿತು. ಎರಡು ಹೆಜ್ಜೆ ಆಚೆಗೆ, ಗುಡಿಸಿದ ನೆಲವನ್ನು ಒತ್ತಿ ನೋಡಿದ. ಅದು ಬಂಡೆಯಾಗಿತ್ತು. ಒಳಗೇ ಅವನಿಗೆ ತಪ್ಪು ಅರಿವಾಯಿತು. ಆದರೆ ಅಷ್ಟು ಜನರ ಮುಂದೆ ಹೇಳಿದ ಮಾತು ಹಿಂದಕ್ಕೆ ತೆಗೆದುಕೊಳ್ಳುವುದೆಂದರೆ ಊರ ಹಿರಿಯರಿಗೆ ಯಾವ ಕಾಲದಲ್ಲೂ ಬಲು ಕಷ್ಟ.

ಅವನು ಗಂಟಲು ಸರಿಮಾಡಿಕೊಂಡ. "ಊರು ಚೊಕ್ಕಟವಾಗಿರಬೇಕು. ನಾನು ಹೇಳಿದ ಮಾತು ಹೇಳಿದ್ದೇ." ಆಮೇಲೆ ದನಿ ಇಳಿಸಿ, ಪಿಳ್ಳಕ್ಕನಿಗೆ ಮಾತ್ರ ಕೇಳುವ ಹಾಗೆ ಹೇಳಿದ: "ಒಂದು ಮೂಲೆ ನನ್ನ ಕಣ್ಣಿಗೆ ಬೀಳದೇ ಹೋದ್ರೆ ನಾನೇನು ಮಾಡೋಕಾಗ್ತದೆ? ವರ್ಷಕ್ಕೊಂದು ಮೂಲೆ ಬಿಡು. ಒಂದು ವರ್ಷ ಬಿಟ್ಟದ್ದು ಇನ್ನೊಂದು ವರ್ಷ ಬೇಡ, ಎಲ್ಲ ಮರಕ್ಕೂ ಸರದಿ ಬರಲಿ. ಯಾವ ಮೂಲೆ ಅಂತ ನಂಗೆ ಹೇಳಬೇಡ. ಯಾರಿಗೂ ಹೇಳಬೇಡ. ಜನಕ್ಕೆ ಗೊತ್ತಾದ್ರೆ ಬೆಂಕಿ ಹಚ್ಚಿ ಚಳಿ ಕಾಯಿಸ್ಕೊಳ್ತಾರೆ."

"ಈ ಕೂಸಿಗೆ?"

"ಅದಕ್ಕೂ ಬೇಡ. ಅಕ್ಕಂದಿರ ಹತ್ರ ಬಾಯಿ ಬಿಡ್ತದೆ. ಅದೇ ಹುಡುಕ್ಕೊಳ್ಳಲಿ. ಮತ್ತೆ ನೋಡೋರಿದ್ದಾಗ ಬಾಲ ಆಡ್ತಾ ಇರಬೇಕು, ಊರು ಅಂದ್ಮೇಲೆ ನನ್ನ ಮಾತಿಗೂ ಒಂದು ಮರ್ಯಾದೆ ಇರ್ಲಿ." ಹೀಗೆಂದು ಕಂಬಳಿ ಹಿಂಡಿಕೊಳ್ಳುತ್ತಾ ಸೊಣ್ಣೇಗೌಡ ಮನೆಗೆ ಹೋದ. ಹೆಂಡತಿ ಆ ಕಂಬಳಿಯನ್ನು ಮೂರು ಸಲ ಒಗೆದರೂ ವಾಸನೆ ಹೋಗಲಿಲ್ಲವಂತೆ.

ಉಳಿದ ಐದು ದಿನ ಕಿರಿ ಸಿಪಿಲೆ ಅರೆಸುಟ್ಟ ಎಲೆಗಳ ಕೆಳಗಿನ ಹುಳ ತಿಂದಳು. ಪಿಳ್ಳಕ್ಕ ದೂರದಲ್ಲಿ ಗುಡಿಸುವ ಹಾಗೆ ನಿಂತು, ಬರುವವರನ್ನು ಮಾತಿಗೆಳೆದು ಬೇರೆ ದಾರಿಗೆ ಹಚ್ಚುತ್ತಿದ್ದಳು. ಎದೆಯ ಮೇಲಿನ ಎರಡು ಕಪ್ಪು ಗೆರೆಗಳಿಗೆ ಹೊಂಗೆ ಎಣ್ಣೆ ಹಚ್ಚಿದಳು. ಉರಿ ಹೋಯಿತು, ಗೆರೆ ಹೋಗಲಿಲ್ಲ.

ಹದಿನೈದನೆಯ ದಿನ ಹೊಂಗೆ ಪೂರ್ತಿ ಚಿಗುರಿತು. ತೆಂಕಣ ಗಾಳಿ ಬಂದು ಕಿರಿಯವಳನ್ನು ಎತ್ತಿ ನೋಡಿತು.

"ಹೂಂ" ಎಂದಿತು ಗಾಳಿ. "ನಡಿ ಮನೆಗೆ."

ಕಿರಿ ಸಿಪಿಲೆಗೆ ಸಂತೋಷದಿಂದ ಏನು ಮಾಡಬೇಕೆಂದೇ ತಿಳಿಯಲಿಲ್ಲ. ತೋಪಿನ ಸುತ್ತ ಮೂರು ಸುತ್ತು ಹಾರಿ ಪಿಳ್ಳಕ್ಕನ ಹೆಗಲ ಮೇಲೆ ಇಳಿದಳು. "ಮುಂದಿನ ಚಳಿಗೆ ಬರ್ತೀನಿ. ಸೆರಗಿನೊಳಗಿಂದ ಗೌಡ್ರ ಮಾತು ಕೇಳಿಸ್ಕೊಂಡೆ. ಯಾವ ಮೂಲೆ ಅಂತ ಒಂಚೂರಾದ್ರೂ ಹೇಳು" ಎಂದಳು.

"ಹೇಳಲ್ಲ ಕಣವ್ವ. ಹುಡುಕು. ಆದ್ರೆ ಒಂದು ಮೂಲೆ ಇದ್ದೇ ಇರ್ತದೆ. ನಾನಿಲ್ದಿದ್ರೂ ಇರ್ತದೆ, ನನ್ನಂಥೋರು ಯಾರಾದ್ರೂ ಬಿಟ್ಟಿರ್ತಾರೆ" ಎಂದಳು ಪಿಳ್ಳಕ್ಕ. ಹಾಗೆ ಹೇಳಿ ಕಣ್ಣೊರೆಸಿಕೊಂಡು ಮತ್ತೆ ಗುಡಿಸಲು ಹೋದಳು.

ಆಮೇಲೆ ಎಷ್ಟೋ ಚಳಿಗಾಲಗಳು ಬಂದವು. ಪಿಳ್ಳಕ್ಕ ಹೋದಳು, ಸೊಣ್ಣೇಗೌಡ ಹೋದ. ಊರು ಮಾತ್ರ ಬೆಳೆಯುವುದನ್ನು ನಿಲ್ಲಿಸಲಿಲ್ಲ. ಕೆರೆಗಳನ್ನು ದಾಟಿತು, ಗುಂಡುತೋಪುಗಳನ್ನು ನುಂಗಿತು, ಪಕ್ಕದ ಊರುಗಳನ್ನೂ ನುಂಗಿತು. ಗುಡಿಸುವ ಕೈಗಳು ಸಾವಿರವಾದವು. ಬಡಗಾಳಿಯ ಬೆನ್ನಿಗೆ ಬರುವ ಕಿರಿ ಸಿಪಿಲೆಯ ಮಕ್ಕಳು ಮೊಮ್ಮಕ್ಕಳು ಇಂದಿಗೂ ಮೇಲಿನಿಂದ ನೋಡುತ್ತಾ ಹಾರುತ್ತಾರೆ. ಇಲ್ಲಿ ನೋಡುತ್ತಾರೆ, ಇಲ್ಲ. ಅಲ್ಲಿ ನೋಡುತ್ತಾರೆ, ಇಲ್ಲ. ಹೋದ ವರ್ಷ ಇದ್ದ ಮೂಲೆಯಲ್ಲಿ ಈ ವರ್ಷ ಸಿಮೆಂಟು ಇರುತ್ತದೆ. ಅವರ ಅಕ್ಕಂದಿರ ಮಕ್ಕಳು ಕೆರೆ ದಡದಲ್ಲಿ ಬಾಲ ಎತ್ತಿ ಕುಕ್ಕುತ್ತಾ ಎಲ್ಲರಿಗೂ ಕಾಣಿಸುತ್ತಾರೆ, ಇವರು ಕಾಣಿಸುವುದೇ ಅಪರೂಪ. ಕಂಡರೂ ಒಂದು ಗಳಿಗೆ, ಅಷ್ಟೇ. ಕುತ್ತಿಗೆಗೆ ದುರ್ಬೀನು ನೇತುಹಾಕಿಕೊಂಡವರು ಊರ ತುಂಬ ಫೋನು ಮಾಡಿ, ಬಸ್ಸು ಹಿಡಿದು, ಬೆವರೊರೆಸಿಕೊಂಡು ಬರುವಷ್ಟರಲ್ಲಿ ಹಕ್ಕಿ ಪೊದೆಯಾಚೆ ಹೋಗಿರುತ್ತದೆ. ಜಾಸ್ತಿ ಹೊತ್ತು ನೋಡಿದರೆ ಗುಟ್ಟು ರಟ್ಟಾಗುತ್ತದಲ್ಲ.

ಆದ್ದರಿಂದ ಮಕ್ಕಳೇ, ಚಳಿ ಶುರುವಾದ ಮೇಲೆ ಒಂದು ಬೆಳಗ್ಗೆ, ನಿಮ್ಮ ಶಾಲೆಯ ಹಿಂದೆಯೋ ಪಾರ್ಕಿನ ಬೇಲಿಯ ಪಕ್ಕವೋ, ಎದೆಯ ಮೇಲೆ ಎರಡು ಕಪ್ಪು ಗೆರೆಯಿರುವ ಪುಟ್ಟ ಹಕ್ಕಿಯೊಂದು ಒಣ ಎಲೆಗಳ ನಡುವೆ ನಿಂತು ಬಾಲವನ್ನು ಎಡಕ್ಕೆ ಬಲಕ್ಕೆ ಆಡಿಸುತ್ತಿರುವುದು ಕಂಡರೆ, ಈ ವರ್ಷವೂ ಯಾರೋ ಒಬ್ಬರು ಒಂದು ಮೂಲೆಯನ್ನು ಗುಡಿಸದೆ ಬಿಟ್ಟಿದ್ದಾರೆ ಎಂದು ತಿಳಿದುಕೊಳ್ಳಿ.